ಗಣ್ಯಾನ ಹೊಸ ಹೆಸರು

ಗಣೇಶನಿಗೆ ಇಟಲಿಯಲ್ಲಿ ಅಪ್ಪ ಅಮ್ಮ ಸಿಕ್ಕಿದ್ದಾರೆ ಎಂಬ ಸುದ್ದಿಯನ್ನು ಹೇತಲ್‌ಬೆನ್ ಫೋನಿನಲ್ಲಿ ಹೇಳಲಿಲ್ಲ. ವಡೋದರಾದಿಂದ ರೈಲು ಹತ್ತಿ ಸೂರತ್ತಿಗೆ ಬಂದು, ನಾಗವೇಣಿಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. ದತ್ತು ಸಂಸ್ಥೆಯೊಂದರಲ್ಲಿ ಬಹಳ ವರ್ಷ ದುಡಿದ ಹೆಂಗಸು, ಇಂಥ ಮಾತನ್ನು ಎದುರಿಗೇ ಹೇಳಬೇಕೆಂದು ಅವಳಿಗೆ ಗೊತ್ತಿತ್ತು.

ನಾಗವೇಣಿ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಒಳ್ಳೇದಾತು," ಎಂದಳು. ಹೇತಲ್‌ಬೆನ್‌ಗೆ ಕನ್ನಡ ಬಾರದೆಂದು ನೆನಪಾಗಿ ಹಿಂದಿಯಲ್ಲಿ ಅದನ್ನೇ ಇನ್ನೊಮ್ಮೆ ಹೇಳಿದಳು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು.

ನಾಗವೇಣಿಯ ಗಂಡ ಚನ್ನಬಸಪ್ಪ ರಾಣೆಬೆನ್ನೂರಿನ ಕಡೆಯವನು. ವಿಮಾ ಕಚೇರಿಯ ಕೆಲಸ; ವರ್ಗದ ಮೇಲೆ ವರ್ಗವಾಗಿ ಕೊನೆಗೆ ಸೂರತ್ತಿಗೆ ಬಂದು ನಿಂತಿದ್ದ. ಮಕ್ಕಳಾಗಿರಲಿಲ್ಲ. ಮೊದಮೊದಲು ಆಸ್ಪತ್ರೆ, ಆಮೇಲೆ ಹರಕೆ, ಆಮೇಲೆ ಯಾರೂ ಆ ಮಾತು ಎತ್ತದ ಹಾಗೆ ನೋಡಿಕೊಳ್ಳುವುದು, ಹೀಗೆ ವಯಸ್ಸು ಐವತ್ತು ದಾಟಿತ್ತು. ಆಗ ಬಂದವನು ಗಣೇಶ. ಪಾಂಡೇಸರಾದ ಬಣ್ಣದ ಮಿಲ್ಲೊಂದರಲ್ಲಿ ಬಟ್ಟೆ ಮಡಚುವ ಕೆಲಸಕ್ಕಿದ್ದ ಒಡಿಶಾದ ಹೆಣ್ಣುಮಗಳ ಕೂಸು ಅವನು. ತಾಯಿ ಕ್ಷಯದಿಂದ ಆಸ್ಪತ್ರೆ ಸೇರಿದ್ದಳು. ತಂದೆ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ತಾಯಿ ಚೇತರಿಸಿಕೊಳ್ಳುವವರೆಗೆ ಎರಡು ವರ್ಷದ ಆ ಹುಡುಗನನ್ನು ಮನೆಯಲ್ಲಿಟ್ಟು ಸಾಕುವವರು ಬೇಕೆಂದು ಸರಕಾರದ ಮಕ್ಕಳ ಕಲ್ಯಾಣ ಸಮಿತಿಯವರು ಹುಡುಕುತ್ತಿದ್ದರು. ಆಗಲೇ ಒಂದು ಮನೆಯವರು ಅವನನ್ನು ಹಿಂದಕ್ಕೆ ಬಿಟ್ಟು ಹೋಗಿದ್ದರು. ಕಾರಣ, ಅವನಿಗೆ ಫಿಟ್ಸ್ ಬರುತ್ತಿತ್ತು.

ಮನೆಗೆ ಕರೆತಂದ ದಿನವೇ ಬಂತು. ಊಟ ಮಾಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಎಡಕ್ಕೆ ನೋಡಿದ. ಅಲ್ಲಿ ಗೋಡೆ ಬಿಟ್ಟು ಏನೂ ಇರಲಿಲ್ಲ. ತುಟಿ ಚಪ್ಪರಿಸಿದ. ಆಮೇಲೆ ಮೈಯೆಲ್ಲ ಸೆಟೆದುಕೊಂಡಿತು. ಚನ್ನಬಸಪ್ಪ ಕಬ್ಬಿಣದ ಕೀಲಿಕೈ ಹುಡುಕಲು ಓಡಿದ. ನಾಗವೇಣಿ ಮಾತ್ರ ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತನ್ನ ಅಂಗೈ ಕೊಟ್ಟು, ಎಲ್ಲ ನಿಲ್ಲುವ ತನಕ ನೆಲದ ಮೇಲೆ ಕೂತಳು. ಕಣ್ಣು ಬಿಟ್ಟ ಹುಡುಗ ಅವಳ ಕೈಯ ಮೇಲೇ ನಿದ್ದೆ ಹೋದ. ಕೈ ಜೋಮು ಹಿಡಿದರೂ ಅವಳು ಎಳೆದುಕೊಳ್ಳಲಿಲ್ಲ.

ಗಣೇಶ ಅವಳ ಬಾಯಲ್ಲಿ ಗಣ್ಯಾ ಆದ. ಅವನಿಂದ ಅಮ್ಮ ಅನ್ನಿಸಿಕೊಳ್ಳಬೇಡಿ, ತಾಯಿ ಬದುಕಿದ್ದಾಳೆ ಎಂದು ಹೇತಲ್‌ಬೆನ್ ಮೊದಲೇ ತಿಳಿಸಿದ್ದಳು. ಹಾಗಾಗಿ ಹುಡುಗ ಚನ್ನಬಸಪ್ಪ ಕರೆಯುವುದನ್ನು ಕೇಳಿ ತಾನೂ "ನಾಗೂ" ಎಂದು ಕರೆಯತೊಡಗಿದ. ಚನ್ನಬಸಪ್ಪ ಅವನಿಗೆ ಅಜ್ಜ. ಹುಡುಗನ ಮಾತಿನಲ್ಲಿ ಅರ್ಧ ರಾಣೆಬೆನ್ನೂರಿನ ಕನ್ನಡ, ಅರ್ಧ ಕಾಲೊನಿಯ ಮಕ್ಕಳ ಹಿಂದಿ. "ನಾಗೂ, ಪಾನೀ ಕೊಡ," ಅನ್ನುತ್ತಿದ್ದ.

ಒಂದು ವರ್ಷದ ಮೇಲೆ ತಾಯಿ ತೀರಿಕೊಂಡಳು. ಒಡಿಶಾದಿಂದ ಯಾರೂ ಬರಲಿಲ್ಲ. ಹುಡುಗನನ್ನು ದತ್ತು ಕೊಡಬಹುದು ಎಂದು ಸಮಿತಿ ತೀರ್ಮಾನಿಸಿತು. ಆ ದಿನ ನಾಗವೇಣಿ ಹೋಳಿಗೆ ಮಾಡಿದಳು. ಮರುದಿನ ಇಬ್ಬರೂ ವಡೋದರಾಕ್ಕೆ ಹೋಗಿ, ಅವನನ್ನು ನಮಗೇ ಕೊಡಿ ಎಂದು ಕೇಳಿದರು. ಹೇತಲ್‌ಬೆನ್ ಅವರ ಮುಖ ನೋಡದೆ ಹೇಳಿದಳು: ಗಂಡ ಹೆಂಡತಿ ಇಬ್ಬರ ವಯಸ್ಸು ಕೂಡಿಸಿದರೆ ದತ್ತಿನ ಕಾನೂನಿನ ಮಿತಿ ದಾಟುತ್ತದೆ. ಚನ್ನಬಸಪ್ಪ ಮೇಲಿನವರನ್ನು ಕಂಡು ಕೇಳಿಕೊಂಡ. ಎಲ್ಲರೂ ಕೂರಿಸಿ ಚಹ ಕೊಟ್ಟರು, ಎಲ್ಲರೂ ಅದನ್ನೇ ಹೇಳಿದರು. ಫಿಟ್ಸ್ ಇರುವ ಹುಡುಗನೆಂದು ಇಲ್ಲಿಯ ಯಾವ ದಂಪತಿಯೂ ಮುಂದೆ ಬರಲಿಲ್ಲ. ಹಾಗೆ ಅವನ ಹೆಸರು ಹೊರದೇಶದವರಿಗೆ ತೋರಿಸುವ ಪಟ್ಟಿಗೆ ಹೋಯಿತು. ಯಾರೂ ಬರಲಿಕ್ಕಿಲ್ಲ ಎಂದು ನಾಗವೇಣಿ ಒಳಗೊಳಗೇ ನಂಬಿದ್ದಳು. ಡಿಸೆಂಬರಿನಲ್ಲಿ, ಹುಡುಗನಿಗೆ ನಾಲ್ಕು ತುಂಬಿದ ಮೇಲೆ, ಹೇತಲ್‌ಬೆನ್ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ಅವಳು ಒಂದು ಫೋಟೋ ಆಲ್ಬಮ್ ತಂದಿದ್ದಳು. ಬಿಳಿ ಸುಣ್ಣದ ಮನೆ, ಒಂದು ಮುದಿ ನಾಯಿ, ನಲವತ್ತರ ಆಸುಪಾಸಿಗೇ ನರೆತ ದಪ್ಪ ಹೆಂಗಸು, ಬೋಳುತಲೆಯ ಗಂಡಸು. ಹೆಂಗಸು ಅಸ್ಸುಂತಾ, ಗಂಡಸು ರೊಕ್ಕೊ.

"ರೊಕ್ಕೊ?" ಎಂದ ಚನ್ನಬಸಪ್ಪ. "ಹೆಸರ ರೊಕ್ಕ ಏನ್ರಿ ಅವರದು!" ಯಾರೂ ನಗಲಿಲ್ಲ. ಅವನಿಗೂ ನಗು ಬರಲಿಲ್ಲ.

ಹೇತಲ್‌ಬೆನ್ ಹೇಳಿದಳು, "ದಿನವೂ ಈ ಫೋಟೋ ತೋರಿಸಿ. ಇವರು ನಿನ್ನ ಮಮ್ಮಾ, ಇವರು ಪಪಾ ಅನ್ನಿ. ಇನ್ನೊಂದು ವಿಷಯ, ಅವರು ಹುಡುಗನಿಗೆ ಹೊಸ ಹೆಸರು ಇಡುತ್ತಿದ್ದಾರೆ. ದೊನಾತೊ. ಈಗಿನಿಂದಲೇ ಹಾಗೆ ಕರೆದು ರೂಢಿ ಮಾಡಿಸಬೇಕು."

"ಯಾರು ಕರೀಬೇಕು?"

"ನೀವೇ, ನಾಗವೇಣಿಬೆನ್. ನಿಮ್ಮ ಬಾಯಿಂದ ಕೇಳಿದರೆ ಅದು ಅವನಿಗೆ ತನ್ನ ಹೆಸರು ಅನ್ನಿಸುತ್ತದೆ. ಅಪರಿಚಿತರ ಬಾಯಲ್ಲಿ ಮೊದಲ ಸಲ ಕೇಳಿದರೆ ಹೆದರುತ್ತಾನೆ."

ಅವಳು ಹೋದ ಮೇಲೆ ನಾಗವೇಣಿ ಆಲ್ಬಮ್ಮನ್ನು ಫ್ರಿಜ್ಜಿನ ಮೇಲೆ ಎಸೆದಳು. "ಗಣೇಶ ಅನ್ನೂದು ಏನಾಗಿತ್ತಂತ ಅವರಿಗೆ? ದೇವರ ಹೆಸರದು. ಹೆತ್ತಾಕಿ ಇಟ್ಟಿದ್ದು. ಆಕಿ ಕೊಟ್ಟು ಹೋಗಿದ್ದು ಅದೊಂದ."

ಚನ್ನಬಸಪ್ಪ ಆಲ್ಬಮ್ಮನ್ನು ಇಳಿಸಿ ಮೇಜಿನ ಮೇಲಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು, "ಏನ್ರೀ, ಆ ಹೆಸರಿಗೆ ಅರ್ಥ ಏನಂತ ನೋಡ್ರಿ."

ಅವನು ಫೋನಿನಲ್ಲಿ ಹುಡುಕಿ ಓದಿದ. "ಲ್ಯಾಟಿನ್ ಮಾತಂತ. ಮೊದಲ ದೊನಾತುಸ್ ಅಂತಿತ್ತು. ಕೊಡೂದು ಅನ್ನೋ ಕ್ರಿಯಾಪದದಿಂದ ಬಂದದ್ದು. ಅಂದ್ರ, ಕೊಟ್ಟದ್ದು. ಕೊಡಲ್ಪಟ್ಟವ."

"ಯಾರು ಕೊಟ್ಟದ್ದು?"

"ದೇವರು ಕೊಟ್ಟ ಮಗ ಅಂತ ಹಳೇ ಕಾಲದ ಕ್ರಿಶ್ಚಿಯನ್‌ರು ಇಡತಿದ್ರಂತ. ನಮ್ಮಲ್ಲಿ ದೇವದತ್ತ, ಗುರುದತ್ತ ಅನ್ನೂದಿಲ್ಲೇನು, ಹಂಗ. ನಮ್ಮ ದಾನ ಅನ್ನೋ ಶಬ್ದಕ್ಕೂ ಅದಕ್ಕೂ ಬೇರು ಒಂದ ಅಂತ ಬರದಾರ ನೋಡು ಇಲ್ಲೆ."

ನಾಗವೇಣಿ ಆಲ್ಬಮ್ ತೆರೆದು ಮತ್ತೆ ಮುಚ್ಚಿದಳು.

"ದಾನ ಕೊಡಾವ್ರು ತಮ್ಮದನ್ನ ಕೊಡತಾರ. ಇವ ನಮ್ಮವ ಅಲ್ಲ ಅಂತ ಎಲ್ಲಾರೂ ಹೇಳಿದ್ರು. ನಮ್ಮದಲ್ಲದ್ದನ್ನ ನಾ ಹೆಂಗ ಕೊಡ್ಲಿ?"

ಒಂದು ವಾರ ಅವಳು ಆ ಹೆಸರು ಎತ್ತಲಿಲ್ಲ. ಕೊನೆಗೆ ಎತ್ತಿದ್ದು ಹುಡುಗನ ಸಲುವಾಗಿ. ಪರದೇಶದಲ್ಲಿ ಯಾರೋ ಕರೆಯುತ್ತಾರೆ, ತನ್ನನ್ನೇ ಕರೆಯುತ್ತಿದ್ದಾರೆಂದು ಅವನಿಗೆ ತಿಳಿಯುವುದಿಲ್ಲ, ಉಣ್ಣಲು ಕರೆದರೂ ತಿಳಿಯುವುದಿಲ್ಲ. ಅದನ್ನು ನೆನೆಸಿಕೊಂಡಾಗ ಅವಳಿಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಗಂಡ ಕಚೇರಿಗೆ ಹೋದದ್ದೇ ಅಡುಗೆಮನೆಯಿಂದ ಕೂಗಿದಳು.

"ದೊನಾತೊ!"

ಪಡಸಾಲೆಯಲ್ಲಿ ಆಡುತ್ತಿದ್ದ ಹುಡುಗ ಸುತ್ತ ನೋಡಿದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಓಡಿ ಬಂದು ಅಂಗೈ ಚಾಚಿದ.

"ಕ್ಯಾ ದೋ ನಾ?" ಎಂದ.

ನಾಗವೇಣಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ನಗುವೂ ಅಳುವೂ ಒಟ್ಟಿಗೇ ಬಂದವು. ಕಾಲೊನಿಯ ಮಕ್ಕಳು ಒಬ್ಬರಿಗೊಬ್ಬರು ಕೈ ಚಾಚಿ ಬಿಸ್ಕೀಟಿಗೆ ಗೋಗರೆಯುವ "ದೋ ನಾ", ಕೊಡು ಕೊಡು ಅನ್ನುವ ಆ ಹಿಂದಿ ಅವನ ಕಿವಿಗೆ ಬಿದ್ದಿತ್ತು. ಅವಳು ಡಬ್ಬಿಯಿಂದ ಬೆಲ್ಲದ ಚೂರೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು.

ಹೀಗೆ ಅದು ಆಟವಾಯಿತು. ದೊನಾತೊ ಅಂದರೆ ಅವನು ಎಲ್ಲಿದ್ದರೂ ಓಡಿ ಬಂದು ಕೈ ಚಾಚಬೇಕು, ಅವಳು ಏನಾದರೂ ಕೊಡಬೇಕು. ಬೆಲ್ಲ, ಪುಠಾಣಿ, ಒಮ್ಮೊಮ್ಮೆ ಬರೀ ಮುತ್ತು. ಹೆಸರು ಕಲಿಯಲು ಅವನಿಗೆ ನಾಲ್ಕು ದಿನವೂ ಬೇಕಾಗಲಿಲ್ಲ. ಅವನು ಅಷ್ಟು ಬೇಗ ಕಲಿತದ್ದು ಅವಳಿಗೆ ಸಂಕಟವಾಯಿತು.

ಜನವರಿಯಲ್ಲಿ ಸೂರತ್ತಿನ ಬೀದಿಗಳಲ್ಲಿ ಪೋಂಕ್ ಮಾರಾಟಕ್ಕೆ ಬಂತು. ಎಳೆ ಜೋಳದ ತೆನೆ ಸುಟ್ಟು ತೆಗೆದ ಹಸಿರು ಕಾಳು, ಅವಳ ಊರಿನ ಸೀತನಿಯೇ. ಚನ್ನಬಸಪ್ಪ ಬಿಸಿಬಿಸಿ ತಂದಿದ್ದ. ನಾಗವೇಣಿಯೂ ಹುಡುಗನೂ ಬಾಲ್ಕನಿಯ ಬಿಸಿಲಿನಲ್ಲಿ ಕೂತು ತಿನ್ನುತ್ತಿದ್ದರು. ಆಗ ಅವನು ಕೇಳಿದ.

"ನಾಗೂ, ದೊನಾತೊ ಅಂದ್ರ ಏನು?"

"ಕೊಟ್ಟಿದ್ದು ಅಂತ."

"ಯಾರು ಕೊಟ್ಟಿದ್ದು?"

"ದೇವರು."

"ಯಾರಿಗಿ? ನಿನಗಾ?"

"ಹೂಂ. ಮೊದಲ ನನಗ ಕೊಟ್ಟಿದ್ದ."

"ಮತ್ತ?"

ಅವಳು ಕಾಳು ಆರಿಸುವ ನೆವ ಮಾಡಿದಳು. "ಮತ್ತ ಆ ಫೋಟೋದಾಗಿನ ಮಮ್ಮಾಗ."

ಹುಡುಗ ಬಾಯಲ್ಲಿದ್ದುದನ್ನು ಅಗಿಯುವುದು ನಿಲ್ಲಿಸಿದ. ಅವಳ ಮುಖವನ್ನೇ ನೋಡಿದ. "ನಾ ಏನ್ ಮಾಡಿದ್ನಿ?" ಎಂದ.

"ಏನೂ ಮಾಡಿಲ್ಲೋ."

"ನಾ ಹಾಲ ಚೆಲ್ಲಂಗಿಲ್ಲ ಇನ್ನ."

"ಗಣ್ಯಾ, ನೀ ಏನೂ ಮಾಡಿಲ್ಲ. ಏನೂ ಮಾಡಿಲ್ಲ ನೀ."

"ಬೀಳಂಗೂ ಇಲ್ಲ," ಎಂದ. ಫಿಟ್ಸ್ ಬಂದು ಬೀಳುವುದಕ್ಕೆ ಅವನು ಇಟ್ಟುಕೊಂಡಿದ್ದ ಹೆಸರು ಅದು. ಅದೂ ತನ್ನ ತಪ್ಪೇ ಎಂದು ಅವನು ತಿಳಿದಿದ್ದನೆಂಬುದು ನಾಗವೇಣಿಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ. ಅವನನ್ನು ಎದೆಗೆ ಒತ್ತಿಕೊಂಡಳು. ಹುಡುಗ ಅಳಲಿಲ್ಲ, ಕೋಲಿನಂತೆ ಬಿಗಿಯಾಗಿ ಕೂತಿದ್ದ. ಆಮೇಲೆ ಕೆಲವು ದಿನ ದೊನಾತೊ ಅಂದರೆ ಬರುತ್ತಿದ್ದ, ಆದರೆ ಕೈ ಚಾಚುತ್ತಿರಲಿಲ್ಲ. ಒಂದು ಬೆಳಿಗ್ಗೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಚಾಚಿದ. ನಾಲ್ಕು ವರ್ಷದ ಕೂಸು, ಎಷ್ಟು ದಿನ ಮುನಿಸು ಹಿಡಿದೀತು.

ಫೆಬ್ರವರಿಯಲ್ಲಿ ಇಟಲಿಯವರು ಬಂದರು. ಅಹಮದಾಬಾದಿನ ವಿಮಾನ ನಿಲ್ದಾಣದಲ್ಲಿ ಇಳಿದು, ಸೀದಾ ವಡೋದರಾದ ಸಂಸ್ಥೆಗೆ. ನಾಗವೇಣಿ, ಚನ್ನಬಸಪ್ಪ ಹುಡುಗನನ್ನು ಕರೆದುಕೊಂಡು ರೈಲಿನಲ್ಲಿ ಹೋದರು. ಇಟಾಲಿಯನ್ ಕಲಿತ ಗುಜರಾತಿ ಹೆಂಗಸೊಬ್ಬಳನ್ನು ಮಾತು ತಿಳಿಸಲು ಕರೆಸಿದ್ದರು. ನಾಗವೇಣಿ ತನ್ನ ಹಿಂದಿಯಲ್ಲಿ ಹೇಳಿದ್ದನ್ನು ಅವಳು ಇಟಾಲಿಯನ್ನಿಗೆ ತಿರುಗಿಸಬೇಕು.

ಆಟಿಕೆಗಳಿದ್ದ ಕೋಣೆ. ಅಸ್ಸುಂತಾ ಫೋಟೋದಲ್ಲಿದ್ದುದಕ್ಕಿಂತ ವಯಸ್ಸಾದವಳಂತೆ ಕಂಡಳು, ಪ್ರಯಾಣದಿಂದ ಕಣ್ಣು ಕೆಂಪಾಗಿತ್ತು. ಬಾಗಿಲ ಹತ್ತಿರವೇ ಮಂಡಿಯೂರಿ ಕೂತಳು. ಮುಂದೆ ಬರಲಿಲ್ಲ. ಬಹಳ ಮೆಲ್ಲಗೆ ಕರೆದಳು.

"ದೊನಾತೊ."

ಹುಡುಗ ನಾಗವೇಣಿಯ ಸೆರಗು ಬಿಟ್ಟ. ನಾಲ್ಕು ಹೆಜ್ಜೆ ನಡೆದು ಹೋಗಿ ಆ ಹೆಂಗಸಿನ ಮುಂದೆ ಅಂಗೈ ಚಾಚಿ ನಿಂತ.

ಅಸ್ಸುಂತಾಗೆ ಏನೂ ತಿಳಿಯಲಿಲ್ಲ. ಗಂಡನತ್ತ ನೋಡಿದಳು. ಆಮೇಲೆ ತನ್ನ ಕೈಯನ್ನೇ ಆ ಪುಟ್ಟ ಅಂಗೈಯ ಮೇಲಿಟ್ಟಳು. ಹುಡುಗ ಆ ಕೈಯನ್ನು ನೋಡಿದ, ತಿರುಗಿ ನಾಗವೇಣಿಯನ್ನು ನೋಡಿದ. ಇದೇನಾ, ಇಷ್ಟೇನಾ ಎಂಬಂತೆ. ನಾಗವೇಣಿ ತಲೆ ಆಡಿಸಿದಳು. ಅವಳ ಪರ್ಸಿನಲ್ಲಿ ಬೆಲ್ಲದ ಪೊಟ್ಟಣವಿತ್ತು. ಅದನ್ನು ತೆಗೆಯಲಿಲ್ಲ.

ರೊಕ್ಕೊ ಹುಡುಗನೊಂದಿಗೆ ಮರದ ರೈಲು ಜೋಡಿಸುತ್ತ ಕೂತ. ಅವನ ಹೆಸರಿಗೆ ಕನ್ನಡದಲ್ಲಿ ದುಡ್ಡು ಎಂಬ ಅರ್ಥವಿದೆ ಎಂದು ಚನ್ನಬಸಪ್ಪ ಹೇಳಿಸಿದಾಗ, ಅವನು ಎರಡೂ ಜೇಬುಗಳನ್ನು ಹೊರಗೆ ಎಳೆದು ಬರಿದಾಗಿವೆ ನೋಡಿ ಎಂದು ತೋರಿಸಿದ. ಹುಡುಗ ಕಿಲಕಿಲ ನಕ್ಕ. ಆ ನಗು ಕೇಳಿ ನಾಗವೇಣಿಗೆ ಅರ್ಧ ಭಾರ ಇಳಿದ ಹಾಗೂ ಆಯಿತು, ಎದೆ ಸೀಳಿದ ಹಾಗೂ ಆಯಿತು.

ಅವಳು ಅಸ್ಸುಂತಾಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಫಿಟ್ಸ್ ಬರುವ ಮುಂಚೆ ಹೇಗೆ ಎಡಕ್ಕೆ ನೋಡುತ್ತಾನೆ, ತುಟಿ ಹೇಗೆ ಚಪ್ಪರಿಸುತ್ತಾನೆ, ಆಗ ಕೈಯಲ್ಲಿದ್ದುದನ್ನು ಬಿಟ್ಟು ಹೇಗೆ ಮಗ್ಗುಲಿಗೆ ಹೊರಳಿಸಬೇಕು, ಎಲ್ಲ ಹೇಳಿದಳು. ಎದ್ದ ಮೇಲೆ ಬೈಯಬಾರದು, ಅಳಲೂಬಾರದು, ಅದು ತನ್ನ ತಪ್ಪು ಅಂದುಕೊಳ್ಳುತ್ತಾನೆ ಎಂದಳು. ಸಿರಪ್ಪು ಕಹಿ, ಕುಡಿದ ಕೂಡಲೇ ಸಿಹಿ ಕೊಡಬೇಕು. ಅಸ್ಸುಂತಾ ಒಂದೊಂದನ್ನೂ ಇನ್ನೊಮ್ಮೆ ಕೇಳಿ ತಿಳಿದುಕೊಂಡಳು. ಆಮೇಲೆ ಅವಳು ಹೆಸರಿನ ಕಥೆ ಹೇಳಿದಳು.

ರೊಕ್ಕೊನ ತಂದೆಯ ಹೆಸರೂ ದೊನಾತೊ. ಅವರ ಊರು, ನಕಾಶೆಯಲ್ಲಿ ಬೂಟಿನ ಹಾಗೆ ಕಾಣುವ ಇಟಲಿಯ ಹಿಮ್ಮಡಿಯ ಕಡೆ. ಅಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಪದ್ಧತಿ. ಆ ಹೆಸರಿನ ಸಂತನೊಬ್ಬನಿದ್ದಾನೆ, ಬಹಳ ಹಿಂದಿನ ಬಿಷಪ್. ಮೂರ್ಛೆ ರೋಗದವರನ್ನು ಕಾಯುವವನು ಅವನೇ ಎಂದು ನಂಬಿಕೆ. ಆಗಸ್ಟಿನಲ್ಲಿ ಅವನ ಹಬ್ಬದ ದಿನ ತಾಯಂದಿರು ಅಂಥ ಮಕ್ಕಳನ್ನು ಎತ್ತಿಕೊಂಡು ಅವನ ಗುಡಿಗೆ ಬರುತ್ತಾರೆ. ಅವಳು ಚಿಕ್ಕವಳಿದ್ದಾಗ ಅವರನ್ನು ನೋಡಿದ್ದಳು. ಈ ಹುಡುಗನಿಗೆ ಫಿಟ್ಸ್ ಇದೆ ಎಂದು ಓದಿದ ದಿನವೇ ಹೆಸರು ನಿಶ್ಚಯವಾಗಿತ್ತು.

"ಅದಕ್ಕೆ ಅರ್ಥ ಕೊಡಲ್ಪಟ್ಟವನು ಅಂತ," ಅನುವಾದ ಮಾಡುವವಳು ಮುಂದುವರಿಸಿದಳು. "ದೇವರು ಕೊಟ್ಟ, ನೀವೂ ಕೊಟ್ಟಿರಿ ಅನ್ನುತ್ತಿದ್ದಾರೆ. ಮನೆಯಲ್ಲಿ ಅವನನ್ನು ಕರೆದಾಗಲೆಲ್ಲ ನಿಮ್ಮ ನೆನಪೂ ಅದರೊಳಗೆ ಇರುತ್ತದಂತೆ."

"ನಾನು ಕೊಟ್ಟಿಲ್ಲ," ಎಂದಳು ನಾಗವೇಣಿ.

ಅನುವಾದ ಮಾಡುವವಳು ಅದನ್ನು ದಾಟಿಸದೆ ಹೇತಲ್‌ಬೆನ್‌ಳ ಕಡೆ ನೋಡಿದಳು.

"ಹೇಳಿ ಅವರಿಗೆ. ನಾನು ಕೊಟ್ಟಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿರಲಿಲ್ಲ."

ಮಾತು ತಲುಪಿತು. ಅಸ್ಸುಂತಾಳ ಮುಖದ ಬಣ್ಣ ಇಳಿಯಿತು. ಅನುವಾದ ಮಾಡುವವಳ ಕಡೆ ತಿರುಗಿ ಏನೋ ಕೇಳಿದಳು.

"ಹಾಗಾದರೆ ನಾವು ನಿಮ್ಮಿಂದ ಕಿತ್ತುಕೊಂಡಿದ್ದೇವಾ, ಅನ್ನುತ್ತಿದ್ದಾರೆ."

ನಾಗವೇಣಿ ಆ ಮುಖ ನೋಡಿದಳು. ಆಸ್ಪತ್ರೆಗಳ ಬಾಗಿಲಲ್ಲಿ, ಗುಡಿಗಳ ಬಾಗಿಲಲ್ಲಿ ತಾನೂ ಇಂಥದೇ ಮುಖ ಹೊತ್ತು ತಿರುಗಿದ್ದು ನೆನಪಾಯಿತು. ಈ ಹೆಂಗಸು ಎಷ್ಟು ವರ್ಷ ತಿರುಗಿದ್ದಾಳೋ.

"ಇಲ್ಲ," ಎಂದಳು. "ನಿಮಗೇ ಕೊಟ್ಟಿದ್ದು. ನೀವು ಬರುವ ತನಕ ಇಟ್ಟುಕೊಳ್ಳಲು ನನ್ನ ಕೈಗೆ ಕೊಟ್ಟಿದ್ದರು, ಅಷ್ಟೆ."

ಹೇಳುವಾಗ ಅದು ನಿಜವೆಂದು ಅವಳಿಗೆ ಅನ್ನಿಸಲಿಲ್ಲ. ಆದರೂ ಹೇಳಿದಳು.

ಬೀಳ್ಕೊಡುವುದನ್ನು ಹೆಚ್ಚು ಎಳೆಯಬೇಡಿ ಎಂದು ಹೇತಲ್‌ಬೆನ್ ಸನ್ನೆ ಮಾಡಿದಳು. ಹುಡುಗ ರೈಲಿನ ಆಟದಲ್ಲಿ ಮುಳುಗಿದ್ದ. ನಾಗವೇಣಿ ಅವನ ನೆತ್ತಿ ಮೂಸಿ, "ಅಜ್ಜನ ಜೊತಿ ಹೊರಗ ಹೋಗಿ ಬರತೀನಿ," ಎಂದಳು. ಅವನು ತಲೆ ಎತ್ತದೆ ಹೂಂ ಅಂದ. ಅವರು ಗೇಟು ದಾಟುವ ಹೊತ್ತಿಗೆ ಒಳಗಿನಿಂದ ಕೂಗು ಕೇಳಿಸಿತು. "ನಾಗೂ! ನಾಗೂ!" ಚನ್ನಬಸಪ್ಪ ನಿಂತುಬಿಟ್ಟ. ನಾಗವೇಣಿ ನಿಲ್ಲಲಿಲ್ಲ. ರಿಕ್ಷಾ ಹತ್ತಿ, ಸೀಟಿನ ಮೂಲೆಗೆ ಸರಿದು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ರಿಕ್ಷಾದವನು ಹಿಂದಕ್ಕೆ ತಿರುಗಿ ನೋಡಿ, ಎಲ್ಲಿಗೆ ಎಂದು ಚನ್ನಬಸಪ್ಪನನ್ನೇ ಕೇಳಿದ.

ಮುಂದಿನ ದಿನಗಳನ್ನು ಇಬ್ಬರೂ ಹೇಗೋ ಕಳೆದರು. ಸಿರಪ್ಪಿನ ಹೊತ್ತಿಗೆ ಫೋನಿನ ಅಲಾರ್ಮ್ ಹೊಡೆಯುತ್ತಿತ್ತು. ಅದನ್ನು ತೆಗೆದುಹಾಕು ಎಂದು ಹೇಳಲು ಗಂಡನಿಗೆ ಬಾಯಿ ಬರಲಿಲ್ಲ. ಹೇತಲ್‌ಬೆನ್ ಇನ್ನೊಂದು ಕೂಸಿದೆ, ಸಾಕುತ್ತೀರಾ ಎಂದು ಕೇಳಿದಾಗ ನಾಗವೇಣಿ ಬೇಡವೆಂದಳು. ಕೆಲವು ತಿಂಗಳ ಮೇಲೆ ಚನ್ನಬಸಪ್ಪನಿಗೆ ಅಹಮದಾಬಾದಿಗೆ ವರ್ಗವಾಯಿತು. ಚಾಂದ್‌ಖೇಡಾದಲ್ಲಿ ಬಾಡಿಗೆ ಮನೆ ಹಿಡಿದರು. ಹೊಸ ಮನೆಯ ಅಕ್ಕಪಕ್ಕದವರು ಮಕ್ಕಳೆಷ್ಟು ಎಂದು ಕೇಳಿದರೆ ಅವಳು ಉತ್ತರ ಕೊಡಲು ಒಂದು ಗಳಿಗೆ ತಡೆಯುತ್ತಿದ್ದಳು.

ಹುಡುಗ ಹೋದ ನಾಲ್ಕನೆಯ ವರ್ಷ, ಆಗಸ್ಟಿನಲ್ಲಿ, ಒಂದು ಸಂಜೆ ಚಹದ ಹೊತ್ತಿಗೆ ವಿಡಿಯೊ ಕರೆ ಬಂತು. ಅಸ್ಸುಂತಾ. ಹೇತಲ್‌ಬೆನ್‌ಳಿಂದ ನಂಬರು ಪಡೆದಿದ್ದಳು. ಅಷ್ಟಿಷ್ಟು ಇಂಗ್ಲಿಷ್ ಕಲಿತಿದ್ದಳು. ಚನ್ನಬಸಪ್ಪ ಹೆಂಡತಿಗೆ ಕನ್ನಡದಲ್ಲಿ ತಿಳಿಸುತ್ತ ಹೋದ. ಇವತ್ತು ಆ ಸಂತನ ಹಬ್ಬ. ಆ ಹೆಸರಿನವರಿಗೆಲ್ಲ ಅವರ ಕಡೆ ಇದು ಎರಡನೆಯ ಹುಟ್ಟುಹಬ್ಬವಿದ್ದ ಹಾಗೆ. ಮಗನಿಗೆ ನೀವು ಆಶೀರ್ವಾದ ಮಾಡಬೇಕು ಎಂದಳು. ಫಿಟ್ಸ್ ಬಂದು ಎರಡು ವರ್ಷದ ಮೇಲಾಯಿತಂತೆ.

ಹುಡುಗ ಬಂದ. ಎತ್ತರವಾಗಿದ್ದ, ಮುಂದಿನ ಹಲ್ಲುಗಳು ದೊಡ್ಡವಾಗಿ ಬಂದಿದ್ದವು. "ಬ್ವೊನ್‌ಜೋರ್ನೊ, ಸಿನ್ಯೋರಾ," ಎಂದ, ಗುರುತಿಲ್ಲದ ಹೆಂಗಸರಿಗೆ ನಮಸ್ಕಾರ ಹೇಳುವ ಮರ್ಯಾದೆಯಿಂದ.

"ಗಣ್ಯಾ," ಎಂದಳು ನಾಗವೇಣಿ. "ಹೆಂಗದಿ? ಉಂಡೀ?"

ಅವನು ನಕ್ಕ. ತಿಳಿಯದ ಭಾಷೆಗೆ ಮಕ್ಕಳು ನಗುವ ನಗು. ತಾಯಿಯ ಕಡೆ ತಿರುಗಿ ಏನೋ ಕೇಳಿದ. ಅಸ್ಸುಂತಾ ತಡವರಿಸಿದಳು, ಅವನ ಬೆನ್ನ ಮೇಲೆ ಕೈಯಿಟ್ಟು ಉದ್ದವಾಗಿ ಏನೋ ಹೇಳಿದಳು. ಹುಡುಗ ಪರದೆಯ ಹತ್ತಿರ ಬಂದು ನೋಡಿದ. ನೆನಪಿಸಿಕೊಳ್ಳಲು ಪ್ರಯತ್ನಪಡುತ್ತಿದ್ದ. ಆಗಲಿಲ್ಲ. ಅವನ ಮುಖದಲ್ಲಿ ಒಂದು ಬಗೆಯ ಗಾಬರಿ ಕಾಣಿಸಿಕೊಂಡಿತು.

ಆ ಗಾಬರಿ ನಾಗವೇಣಿಗೆ ಗೊತ್ತಿತ್ತು. ತಾನು ಏನೋ ತಪ್ಪು ಮಾಡಿದೆ ಎಂದು ತಿಳಿದಾಗ ಅವನು ಹಾಗೆಯೇ ನೋಡುತ್ತಿದ್ದ.

"ಏನೂ ಇಲ್ಲಪ್ಪಾ," ಎಂದಳು ಬೇಗಬೇಗ. ಗಂಡನತ್ತ ತಿರುಗಿ, "ಹೇಳ್ರಿ ಅವನಿಗೆ, ಸಣ್ಣಾಂವ ಇದ್ದಿ, ನೆನಪಿರಂಗಿಲ್ಲ, ಅದರಾಗ ತಪ್ಪಿಲ್ಲ ಅಂತ. ನಾವು ಸೂರತ್ತಿನಾಗ ಅವನ ನೆರೆಮನಿಯಾವ್ರು ಅಂತ ಹೇಳ್ರಿ."

ಚನ್ನಬಸಪ್ಪನಿಗೆ ಹೇಳಲಾಗಲಿಲ್ಲ.

"ಹೇಳ್ರೀ."

ಅವನು ಹೇಳಿದ. ಅಸ್ಸುಂತಾ ಅದನ್ನು ಕೇಳಿ ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಮಗನಿಗೆ ದಾಟಿಸಿದಳು. ಹುಡುಗನ ಮುಖ ತಿಳಿಯಾಯಿತು. ನಾಗವೇಣಿ ಪರದೆಯ ಮುಂದೆ ಕೈಯೆತ್ತಿದಳು.

"ಚಲೋತಂಗಿರು, ದೊನಾತೊ," ಎಂದಳು.

ಅವನ ಹೆಸರು ಅವಳ ಬಾಯಲ್ಲಿ ಸ್ಪಷ್ಟವಾಗಿ ಬಂದದ್ದು ಕೇಳಿ ಹುಡುಗನಿಗೆ ಆಶ್ಚರ್ಯವಾಯಿತು. ಖುಷಿಯಿಂದ ಕೈ ಬೀಸಿ ಓಡಿಹೋದ. ನಾಯಿ ಬೊಗಳುವುದು ಕೇಳಿಸಿತು, ಯಾರೋ ದೂರದಿಂದ ಅವನನ್ನು ಕರೆಯುವುದು ಕೇಳಿಸಿತು.

ಕರೆ ಮುಗಿದ ಮೇಲೆ ನಾಗವೇಣಿ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟಳು. ಚನ್ನಬಸಪ್ಪ ಬಾಗಿಲ ಹೊರಗೆ ನಿಂತಿದ್ದ. ಬಕೀಟು ತುಂಬಿ ನೀರು ಹರಿಯುವುದು ಕೇಳುತ್ತಿತ್ತು. ಬಾಗಿಲು ತಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಳ್ಳುತ್ತ ಬಂದಳು. ಆರಿದ ಚಹವನ್ನು ಮತ್ತೆ ಒಲೆಯ ಮೇಲಿಟ್ಟಳು.

"ಅಲ್ಲೆ ಈಗ ಎಷ್ಟ ಗಂಟಿ?" ಎಂದು ಕೇಳಿದಳು.

"ಮಧ್ಯಾಹ್ನ. ಊಟದ ಹೊತ್ತು."

"ಉಣ್ಣಾಕ ಕರದಿರಬೇಕು," ಎಂದಳು.